ಚಿಕ್ಕಪ್ಪನ ಹೆಬ್ಬೆಟ್ಟು, ಅಪ್ಪನ ಪಿಂಚಣಿ

ಬಿ.ಎ. ಪಾಸಾದ ಮೇಲೆ ನಮ್ಮ ಮನೆಯವರಿಗೆ ನಾನು ಓದಿ ಹೇಳಿದ ಮೊದಲ ಇಂಗ್ಲಿಷ್ ಕಾಗದವೇ ಅಪ್ಪನನ್ನು ಕಳ್ಳ ಎನ್ನುವ ಕಾಗದವಾಗಿತ್ತು. ಕಳ್ಳ ಎಂಬ ಶಬ್ದ ಅದರಲ್ಲಿರಲಿಲ್ಲ. ಸರ್ಕಾರದವರು ಅಂಥ ಮಾತನ್ನು ಸುತ್ತಿ ಬಳಸಿ ಬರೆಯುತ್ತಾರೆ. ಮೂವತ್ತು ವರ್ಷದ ಹಿಂದೆ ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲಿ ಒತ್ತಿದ ಹೆಬ್ಬೆಟ್ಟಿನ ಗುರುತೂ ಈಗ ಪಿಂಚಣಿಯ ಅರ್ಜಿಗೆ ಒತ್ತಿದ ಗುರುತೂ ಒಬ್ಬನೇ ಮನುಷ್ಯನದಲ್ಲವೆಂದು ಕಂಡುಬಂದಿದೆ. ಪಿಂಚಣಿ ಕೇಳುತ್ತಿರುವವನು ಸೇವೆ ಮಾಡಿದವನೇ ಅಲ್ಲವೆಂದು ಏಕೆ ತೀರ್ಮಾನಿಸಬಾರದು, ಒಂದು ತಿಂಗಳೊಳಗೆ ತಿಳಿಸತಕ್ಕದ್ದು. ಇಷ್ಟೇ ಇದ್ದದ್ದು. ಇಷ್ಟನ್ನು ಕನ್ನಡ ಮಾಡುವಷ್ಟರಲ್ಲಿ ನನ್ನ ಕುತ್ತಿಗೆ ಬೆವತುಹೋಗಿತ್ತು.

ಅದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ನಮ್ಮೂರು ಹೊಸೂರಿನಿಂದ ತಳಿ ರಸ್ತೆ ಹಿಡಿದು ಐದು ಮೈಲಿ. ಅಪ್ಪ ಹೊಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿದ್ದವರ ಮೊಮ್ಮಕ್ಕಳು ಇನ್ನೂ ನನಗೆ ದಾರಿಯಲ್ಲಿ ಸಿಗುತ್ತಾರೆ. ಅರವತ್ತು ತುಂಬಿ ಅಪ್ಪ ಮನೆಗೆ ಬಂದು ಎರಡು ತಿಂಗಳಾಗಿತ್ತು.

ಕಾಗದ ಕೇಳಿದ ಅಪ್ಪ ಮೊದಲು ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಅಂಗಳದ ಆಚೆ ಕೂತು ಹಗ್ಗ ಹೊಸೆಯುತ್ತಿದ್ದ ಚಿಕ್ಕಪ್ಪನ ಕಡೆ ನೋಡಿದ.

"ಲೇ, ನಾನ್ ಕೆಲ್ಸಕ್ಕೆ ಸೇರ್ದಾಗ ಪುಸ್ತಕಕ್ಕೆ ಒತ್ತಿದ್ದು ನೀನೇನ್ಲಾ?"

ಚಿಕ್ಕಪ್ಪ ಹಗ್ಗ ಬಿಡಲಿಲ್ಲ. "ನೀನು ಬಿತ್ನೆ ಬುಟ್ಟು ಬರಾಕಿಲ್ಲ ಅಂದೆ. ಬಿಲ್ಲೆ ಹಾಕ್ಕಂಡ್ ಹೋಗು ಅಂದೆ, ಹೋದೆ. ಅವ್ರು ಒತ್ತು ಅಂದ್ರು, ಒತ್ತಿದೆ."

"ಅಷ್ಟೇ ತಾನೆ," ಎಂದು ಅಪ್ಪ ನನ್ನ ಕಡೆ ತಿರುಗಿದ. "ಅವ್ನ ಹೆಬ್ಬೆಟ್ಟಾದ್ರೇನು, ನಂದಾದ್ರೇನು? ಒಂದೇ ಮನೇದು ಅಂತ ಬರ್ದಾಕಪ್ಪ."

ಇದು ನಗುವ ಮಾತಲ್ಲ. ನಮ್ಮ ಕಡೆ ಆಗ ಸರ್ಕಾರಿ ಕೆಲಸ ಸಿಕ್ಕುತ್ತಿದ್ದದ್ದು ಮನುಷ್ಯನಿಗಲ್ಲ, ಮನೆಗೆ. ಅಣ್ಣನ ಹೆಸರಿನಲ್ಲಿ ಕೆಲಸ, ಆದರೆ ಬಿತ್ತನೆಗೂ ಒಕ್ಕಣೆಗೂ ಅಣ್ಣ ಊರಲ್ಲಿರಬೇಕಾದರೆ ತಮ್ಮನೇ ಜವಾನನ ಬಿಲ್ಲೆ ಪಟ್ಟಿ ಕಟ್ಟಿಕೊಂಡು ಹೋಗುತ್ತಿದ್ದ. ನಮ್ಮೂರ ಸುತ್ತ ಹೀಗೆ ನಡೆಸಿದ ಮನೆಗಳು ನಾಲ್ಕಾರು ಇದ್ದವು. ಕೂರಿಗೆ ಹಿಡಿದರೆ ಅಪ್ಪನ ಸಾಲು ದಾರ ಕಟ್ಟಿದಂತೆ ನೇರ. ಚಿಕ್ಕಪ್ಪನ ಸಾಲು ಎತ್ತು ಹೋದ ಕಡೆಗೆ ಹೋಗುತ್ತಿತ್ತು. ಹಾಗಾಗಿ ಮಳೆ ಬಿದ್ದ ಮಾರನೆಯ ದಿನ ಅಪ್ಪ ಹೊಲಕ್ಕೆ, ಚಿಕ್ಕಪ್ಪ ಕಚೇರಿಗೆ. ಕಣದ ಕೆಲಸ ಮುಗಿಯುವವರೆಗೂ ಅಷ್ಟೆ. ವರ್ಷಕ್ಕೆ ಎರಡು ಮೂರು ತಿಂಗಳು ಹೀಗೆ ಹೋಗುತ್ತಿತ್ತು. ಕಚೇರಿಯವರು ಇಬ್ಬರನ್ನೂ ಅಪ್ಪನ ಹೆಸರಿನಿಂದಲೇ ಕೂಗುತ್ತಿದ್ದರು. ಚಿಕ್ಕಪ್ಪ ಓಗೊಟ್ಟು ಎದ್ದು ಹೋಗುತ್ತಿದ್ದ. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಇದ್ದರೆ ಸಾಕು, ಅದರ ಹಿಂದಿರುವ ಮುಖ ಯಾವುದೆಂದು ಯಾರಿಗೂ ಬೇಕಿರಲಿಲ್ಲ. ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಹೊಲವೂ ಒಂದು ವರ್ಷವೂ ಬೀಳು ಬೀಳಲಿಲ್ಲ. ಸಂಬಳ ಬಂದ ದಿನ ಅಪ್ಪ ಅದನ್ನು ತಂದು ನಮ್ಮ ಅವ್ವನ ಕೈಗಲ್ಲ, ಚಿಕ್ಕಮ್ಮನ ಕೈಗೆ ಕೊಡುತ್ತಿದ್ದ. ಹೊಲದ ರಾಗಿ ಅವ್ವನ ವಶ, ಕಚೇರಿಯ ರೂಪಾಯಿ ಚಿಕ್ಕಮ್ಮನ ವಶ. ಈ ಏರ್ಪಾಡು ಯಾರು ಮಾಡಿದ್ದೋ ತಿಳಿಯದು, ನಾನು ಕಣ್ಣು ಬಿಟ್ಟಾಗಿನಿಂದ ಹಾಗೇ ಇತ್ತು.

ಕೆಲಸಕ್ಕೆ ಸೇರಿದ ದಿನ ಕಚೇರಿಯಲ್ಲಿ ಅಪ್ಪನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರಂತೆ. ಮೈಮೇಲಿನ ಗುರುತು ಬರೆದುಕೊಂಡರಂತೆ: ಎಡ ಹುಬ್ಬಿನ ಮೇಲೆ ಎತ್ತಿನ ಕೊಂಬು ತಗುಲಿದ ಕಲೆ. ಅಷ್ಟರಲ್ಲಿ ಗುಮಾಸ್ತರಿಗೆ ಊಟದ ಹೊತ್ತಾಯಿತು. ಶಾಯಿಯ ಮೆತ್ತೆ ಒಣಗಿಹೋಗಿದೆ, ಹೆಬ್ಬೆಟ್ಟು ನಾಳೆ ಒತ್ತು ಎಂದು ಹೇಳಿ ಬಿಲ್ಲೆ ಕೊಟ್ಟು ಕಳಿಸಿದರು. ಅವತ್ತೇ ಸಂಜೆ ಮಳೆ ಬಂತು. ಮಾರನೆಯ ದಿನ ಹೋದವನು ಚಿಕ್ಕಪ್ಪ.

ಚಿಕ್ಕಪ್ಪನ ಎಡ ಹೆಬ್ಬೆಟ್ಟಿನ ಮೇಲೆ ಚಿಕ್ಕಂದಿನಲ್ಲಿ ಕುಡುಗೋಲು ತಗುಲಿ ಅಡ್ಡಲಾಗಿ ಒಂದು ಗಾಯದ ಗೆರೆ ಉಳಿದಿತ್ತು. ಹಳೆಯ ಪುಟದ ಶಾಯಿ ಗುರುತಿನಲ್ಲಿ ಆ ಗೆರೆ ಬೆಳ್ಳಗೆ ಬಿದ್ದಿತ್ತು. ಹೊಸ ಗುರುತಿನಲ್ಲಿ ಅದು ಇಲ್ಲ. ಕಣ್ಣಿದ್ದವರು ಯಾರು ಬೇಕಾದರೂ ಹೇಳಬಹುದಿತ್ತು.

ಅಪ್ಪನ ಮೂವತ್ತು ವರ್ಷದ ಪಿಂಚಣಿ ಆ ಗೆರೆಯ ಮೇಲೆ ನಿಂತಿತು.

ಇಲ್ಲಿ ಕಚೇರಿಯ ಶಿರಸ್ತೇದಾರರ ವಿಷಯ ಹೇಳಬೇಕು. ಅವರೂ ಅಪ್ಪನೂ ಒಂದೇ ವರ್ಷ ಆ ಕಚೇರಿಗೆ ಸೇರಿದವರು, ಒಂದೇ ತಿಂಗಳು ಬಿಟ್ಟವರು. ಅವರು ಅಪ್ಪನಿಗಿಂತ ಐದು ವರ್ಷ ಚಿಕ್ಕವರು; ಗುಮಾಸ್ತರನ್ನು ಐವತ್ತೈದಕ್ಕೇ ಬಿಡಿಸುತ್ತಿದ್ದರು, ಜವಾನರನ್ನು ಅರವತ್ತಕ್ಕೆ. ಅವರು ಮೆಟ್ರಿಕ್ ಮಾಡಿ ಗುಮಾಸ್ತರಾಗಿ ಸೇರಿದರು. ಅಪ್ಪ ಓದು ಬಾರದೆ ಜವಾನನಾಗಿ ಸೇರಿದ. ಮೊದಲ ತಿಂಗಳು ಇಬ್ಬರ ಸಂಬಳಕ್ಕೂ ನಡುವೆ ಇದ್ದ ಅಂತರ ಒಂದು ಒಳ್ಳೆಯ ಕಂಬಳಿಯ ಬೆಲೆಯಷ್ಟು. ಆಮೇಲೆ ಅವರಿಗೆ ವರ್ಷ ವರ್ಷ ಏರುತ್ತ ಹೋಯಿತು. ಅಪ್ಪನಿಗೆ ಕೆಲವು ವರ್ಷಕ್ಕೊಮ್ಮೆ ಎಂಟಾಣೆ. ಅವರು ಹೊಸೂರಿನಲ್ಲಿ ಮಾಳಿಗೆ ಮನೆ ಕಟ್ಟಿದರು, ಹಿಂಭಾಗ ಬಾಡಿಗೆಗೆ ಕೊಟ್ಟರು. ಅವರು ಕೆಟ್ಟವರಲ್ಲ. ಮನೆ ಕಟ್ಟುವಾಗ ಕಲ್ಲು ಹೊರಲು ಅಪ್ಪನನ್ನು ಕರೆದಿದ್ದರು, ಕೂಲಿ ಕೊಟ್ಟೇ ಕರೆದಿದ್ದರು.

ಕೆಲಸ ಬಿಡುವ ದಿನ ಶಿರಸ್ತೇದಾರರಿಗೆ ಕಚೇರಿಯವರೆಲ್ಲ ಸೇರಿ ಬೀಳ್ಕೊಡುಗೆ ಮಾಡಿದರು. ಬೆಂಗಳೂರಿನಿಂದ ಫೋಟೋದವನನ್ನು ಕರೆಸಿದ್ದರು. ನಾನೂ ಹೋಗಿದ್ದೆ, ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ಹೊಸತು. ಮರದ ಕೆಳಗೆ ಕುರ್ಚಿ ಹಾಕಿದವನು ಅಪ್ಪ. ಹಾರದ ತಟ್ಟೆ ಹಿಡಿದು ನಿಂತವನು ಅಪ್ಪ. ಫೋಟೋಗೆ ಎಲ್ಲರೂ ಕೂತ ಮೇಲೆ ಬಿಸಿಲಿಗೆ ಅಡ್ಡ ಬರುತ್ತಿದ್ದ ಕೊಂಬೆಯನ್ನು ಪಕ್ಕಕ್ಕೆ ಎಳೆದು ಹಿಡಿದವನೂ ಅಪ್ಪನೇ. ಎಲ್ಲ ಮುಗಿದು ಜನ ಏಳುವಾಗ ಯಾರೋ ಒಬ್ಬರಿಗೆ ನೆನಪಾಯಿತು, ಇವತ್ತು ಇವನದೂ ಕಡೇ ದಿನ ಅಲ್ಲವಾ ಎಂದು. ತಟ್ಟೆಯಲ್ಲಿ ಒಂದು ನಿಂಬೆಹಣ್ಣು ಉಳಿದಿತ್ತು. ಅದನ್ನು ಕೊಟ್ಟರು. ಆ ತಟ್ಟೆ ಇನ್ನೂ ಅಪ್ಪನ ಕೈಯಲ್ಲೇ ಇತ್ತು. ತನ್ನ ಕೈಯ ತಟ್ಟೆಯಿಂದ ಅವರು ತೆಗೆದುಕೊಟ್ಟ ಹಣ್ಣನ್ನು ಅಪ್ಪ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ. ದಾರಿಯಲ್ಲಿ ಅಪ್ಪ ಹೇಳಿದ, "ರಸ ಚೆನ್ನಾಗಿರೋ ಹಣ್ಣು. ಉಪ್ಪಿನಕಾಯಿಗೆ ಹಾಕ್ಬೋದು."

ಈಗ ಪಿಂಚಣಿಯ ಕಾಗದ ಹಿಡಿದುಕೊಂಡು ನಾನು ಆ ಮಾಳಿಗೆ ಮನೆಗೇ ಹೋದೆ. ಕಚೇರಿಯ ಒಳಗುಟ್ಟು ತಿಳಿದವರು ಬೇರೆ ಯಾರು? ಶಿರಸ್ತೇದಾರರು ಕನ್ನಡಕ ಏರಿಸಿ ಓದಿದರು. ಜಗಲಿಯ ಮೇಲೆ ನನ್ನನ್ನು ಕೂಡಿಸಿದರು, ಅದು ಬಿ.ಎ.ಗೆ ಕೊಟ್ಟ ಮರ್ಯಾದೆ. ಅಪ್ಪ ಎಂದೂ ಅಲ್ಲಿ ಕೂತವನಲ್ಲ.

"ಇದಕ್ಯಾಕಯ್ಯ ತಲೆ ಕೆಡಿಸ್ಕೋತೀಯ," ಎಂದರು. "ಹಳೇ ಹೆಬ್ಬೆಟ್ಟು ಚಿಕ್ಕಪ್ಪಂದು ತಾನೆ? ಚಿಕ್ಕಪ್ಪನ್ನೇ ಕರ್ಕೊಂಡು ಹೋಗಿ ಇನ್ನೊಂದು ಸಲ ಒತ್ತಿಸು. ಹಿಂದಿನ ಸಲ ಶಾಯಿ ಸರಿಯಾಗಿ ಬೀಳಲಿಲ್ಲ ಅನ್ನು. ಎರಡೂ ಹೊಂದುತ್ತೆ. ಕೇಸು ಮುಗೀತು."

"ಆಮೇಲೆ ಖಜಾನೆಯಲ್ಲಿ ತಿಂಗಳಾ ತಿಂಗಳಾ ಒತ್ತೋರು ಯಾರು ಸಾರ್?"

"ಅವನೇ. ಮೂವತ್ತು ವರ್ಷ ಅವರಣ್ಣನ ಹೆಸರಲ್ಲಿ ಬಂದೋನಿಗೆ ಇದೊಂದು ಕಷ್ಟವಾ?"

ಮನೆಗೆ ಬಂದು ಹೇಳಿದೆ. ಅಪ್ಪನಿಗೆ ಹಿಡಿಸಿತು. ಚಿಕ್ಕಪ್ಪನಿಗೂ ಹಿಡಿಸಿತು. ಅವ್ವ ಮಾತ್ರ ಒಲೆಯ ಮುಂದಿನಿಂದ ಕೇಳಿದಳು, "ನಿನ್ ಚಿಗಪ್ಪ ಮೊದ್ಲು ಸತ್ರೆ?"

ಚಿಕ್ಕಪ್ಪ, "ನಾನ್ಯಾಕ್ ಸಾಯ್ಲಿ ಅತ್ಗೆ," ಎಂದ.

"ಸಾಯಿ ಅಂದ್ನಾ? ಸತ್ರೆ ಅಂದೆ. ನೀನ್ ಸತ್ರೆ ಕಾಗ್ದದಾಗೆ ಇವ್ರೂ ಸತ್ತಂಗೇ ತಾನೆ? ಉಸ್ರಾಡ್ಕಂಡ್ ಎದುರ್ಗೆ ಕೂತಿದ್ರೂ ಯಾರ್ ಕೊಡ್ತಾರೆ ದುಡ್ಡ?"

ನಾನು ಬೆಂಗಳೂರಿನಲ್ಲಿ ತರ್ಕಶಾಸ್ತ್ರ ಓದಿ ಬಂದಿದ್ದೆ. ಅವ್ವ ಒಂದು ಮಾತಿನಲ್ಲಿ ಹೇಳಿದ್ದು ನನಗೆ ಹೊಳೆದಿರಲಿಲ್ಲ. ಆ ಕ್ಷಣದಲ್ಲೇ ನಿರ್ಧಾರ ಮಾಡಿದೆ. ಅಪ್ಪನ ಪಿಂಚಣಿ ಅಪ್ಪನ ಬೆರಳಿನಿಂದಲೇ ಬರಬೇಕು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ ಎಂದೆ.

"ಬರೆದ್ರೆ ಜೈಲಿಗ್ ಹಾಕಾಕಿಲ್ವೇನ್ಲಾ?" ಎಂದು ಅಪ್ಪ ಕೇಳಿದ.

"ಅದನ್ನ ರೂಲ್ಸ್ ಓದ್ಬುಟ್ಟು ಹೇಳ್ತೀನಿ," ಎಂದೆ.

ನಾನು ಈ ಓದನ್ನು ಪುಕ್ಕಟೆ ಪಡೆದವನಲ್ಲ. ಹೊಸೂರಿನ ಹೈಸ್ಕೂಲಿಗೆ ದಿನಾ ಹತ್ತು ಮೈಲಿ, ಅಪ್ಪನ ಹಿಂದೆ ನಡೆದೇ ಹೋಗಿ ಬಂದೆ. ಬೆಂಗಳೂರಿನಲ್ಲಿ ನಮ್ಮ ಜನದ ಉಚಿತ ಹಾಸ್ಟೆಲಿನಲ್ಲಿ ಎರಡು ಪಂಚೆಯಲ್ಲಿ ವರ್ಷಗಳನ್ನು ಕಳೆದೆ. ಇಂಟರ್‌ಮೀಡಿಯೇಟಿನಲ್ಲಿ ಇಂಗ್ಲಿಷಿಗೇ ಒಂದು ಸಲ ಫೇಲಾದೆ. ಊರಿಗೆ ಬಂದು ಇನ್ನು ಓದುವುದಿಲ್ಲ ಎಂದಾಗ ಚಿಕ್ಕಪ್ಪ, "ನಿನ್ ಸಾಲು ನನ್ ಸಾಲಿನಂಗೆ ಸೊಟ್ಟಗೈತೆ, ಇನ್ನೊಂದ್ ಸಲ ಹೂಡು," ಎಂದು ತನ್ನ ಪಾಲಿಗೆ ಬಂದಿದ್ದ ಹುಣಸೆ ಮರದ ಫಸಲನ್ನು ಮಾರಿ ಫೀಜು ಕೊಟ್ಟ. ಆ ಇಂಗ್ಲಿಷಿಗೆ ಈಗ ಕೆಲಸ ಬಂದಿತ್ತು.

ಮತ್ತೆ ಶಿರಸ್ತೇದಾರರ ಮನೆಗೆ ಹೋಗಿ, ಪಿಂಚಣಿಯ ರೂಲ್ಸ್ ಪುಸ್ತಕ ಓದಬೇಕು ಎಂದೆ.

"ಹೇಳಿದ ದಾರಿ ಬಿಟ್ಟು ಮುಳ್ಳು ತುಳೀತೀಯಲ್ಲಪ್ಪ."

"ತುಳಿದು ಅಭ್ಯಾಸ ಇದೆ ಸಾರ್. ಚಪ್ಪಲಿ ಹಾಕಿದ್ದು ಕಾಲೇಜಿಗೆ ಹೋದ ಮೇಲೆ."

ಅವರು ನಕ್ಕರು. ಒಳಗಿನಿಂದ ತಮ್ಮದೇ ಹಳೆಯ ಪುಸ್ತಕ ತಂದರು. ಮೂಲೆಗಳನ್ನು ಇಲಿ ತಿಂದಿತ್ತು. "ಮೂವತ್ತು ವರ್ಷ ಇದನ್ನ ಕಚೇರಿಯಲ್ಲಿ ಯಾರೂ ಪೂರ್ತಿ ಓದಿಲ್ಲ, ನಾನೂ ಓದಿಲ್ಲ. ನೀನು ಓದು," ಎಂದರು.

ಓದಿದೆ. ಆರು ದಿನ ಹೊಲದ ಬದುವಿನ ಮೇಲೆ ಕೂತು ಓದಿದೆ. ಅದರಲ್ಲಿ ಎರಡು ವಿಷಯ ಸಿಕ್ಕಿತು. ಒಂದು: ಜವಾನರಿಗೆ ರಜೆ ಕೊಡುವಾಗ ಸರ್ಕಾರಕ್ಕೆ ಹೆಚ್ಚಿನ ಖರ್ಚು ಬೀಳಬಾರದು, ಬದಲಿ ಮನುಷ್ಯನನ್ನು ತನ್ನ ಖರ್ಚಿನಲ್ಲೇ ಕೊಟ್ಟರೆ ಮೇಲಧಿಕಾರಿ ಒಪ್ಪಬಹುದು. ಅಂದರೆ ಅಪ್ಪ ಮಾಡಿದ್ದು ಕಳ್ಳತನವಲ್ಲ, ಅನುಮತಿಯ ಚೀಟಿ ಇಲ್ಲದ ರಜೆ. ಇನ್ನೊಂದು: ಆಸಾಮಿಯ ಗುರುತಿಗೆ ಹೆಬ್ಬೆಟ್ಟು ಮಾತ್ರವಲ್ಲ, ಎತ್ತರವೂ ಮೈಮೇಲಿನ ಕಲೆಯೂ ಲೆಕ್ಕಕ್ಕೆ ಬರುತ್ತದೆ. ಎತ್ತರ ಅಪ್ಪನದು. ಕಲೆ ಅಪ್ಪನದು. ಚಿಕ್ಕಪ್ಪ ಅಪ್ಪನ ಭುಜಕ್ಕೆ ಬರುತ್ತಿದ್ದ.

ಆ ಪುಸ್ತಕದಲ್ಲೇ ಇನ್ನೊಂದು ವಿಷಯವನ್ನೂ ಓದಿದೆ, ಅದು ಅರ್ಜಿಗೆ ಬೇಕಿರಲಿಲ್ಲ. ಪಿಂಚಣಿ ಎಂದರೆ ಕಡೆಯ ವರ್ಷಗಳ ಸಂಬಳದ ಅರ್ಧ. ಯುದ್ಧ ಕಾಲದಲ್ಲಿ ಕೊಟ್ಟ ತುಟ್ಟಿಭತ್ಯೆ ಲೆಕ್ಕಕ್ಕಿಲ್ಲ. ಅಪ್ಪನ ಸಂಬಳ ಹದಿನಾಲ್ಕು ರೂಪಾಯಿ, ಆದ್ದರಿಂದ ಪಿಂಚಣಿ ಏಳು. ಶಿರಸ್ತೇದಾರರ ಒಂದು ತಿಂಗಳ ಪಿಂಚಣಿ ಅಪ್ಪನ ಹತ್ತು ತಿಂಗಳದ್ದಕ್ಕಿಂತ ಹೆಚ್ಚು. ಬದುವಿನ ಮೇಲೆ ಕೂತು ನಾನು ಇದನ್ನು ಬಹಳ ಹೊತ್ತು ಯೋಚಿಸಿದೆ. ಕೆಲಸ ಬಿಟ್ಟ ಮೇಲೆ ಇಬ್ಬರೂ ಮುದುಕರೇ. ಇಬ್ಬರಿಗೂ ಬೇಕಾದದ್ದು ಎರಡು ಹೊತ್ತಿನ ಊಟ, ಒಂದು ಕಂಬಳಿ, ಕೆಮ್ಮು ಬಂದರೆ ಕಷಾಯ. ಆದರೆ ಸೇರಿದ ಮೊದಲ ತಿಂಗಳು ಒಂದು ಕಂಬಳಿಯಷ್ಟಿದ್ದ ಅಂತರ ಮೂವತ್ತು ವರ್ಷ ಬೆಳೆದು, ಈಗ ಅವರ ಮುಪ್ಪಿಗೂ ಬಂದು ಕೂತುಕೊಳ್ಳುತ್ತದೆ. ಇನ್ನು ನನ್ನ ಚಿಕ್ಕಪ್ಪನ ಮುಪ್ಪಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಅರ್ಜಿಯನ್ನು ಮೂರು ಸಲ ಬರೆದು ಹರಿದು, ನಾಲ್ಕನೆಯದನ್ನು ಉಳಿಸಿದೆ. ಮೇಲಧಿಕಾರಿ ಆಗ ಕೃಷ್ಣಗಿರಿಯಲ್ಲಿ ಮೊಕ್ಕಾಂ ಮಾಡಿದ್ದರು. ಅಂಚೆಗೆ ಹಾಕಿದರೆ ಅದು ಮತ್ತೆ ಅದೇ ಗುಮಾಸ್ತರ ಕೈಗೆ ಬರುತ್ತದೆಂದು ಅಣ್ಣ ತಮ್ಮ ಇಬ್ಬರನ್ನೂ ಕರೆದುಕೊಂಡು ನಾನೇ ಹೊರಟೆ.

ಹೊಸೂರಿನಿಂದ ಬಸ್ಸು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಕಂಡಕ್ಟರು ತಿರುಗುವ ಪಂಕದ ಹಿಡಿ ಸುತ್ತಿ ಸುತ್ತಿ ಬೆಂಕಿ ಎಬ್ಬಿಸುವಷ್ಟರಲ್ಲಿ ಒಂದು ಗಂಟೆ. ದಿಣ್ಣೆ ಬಂದಾಗ ಎಲ್ಲರೂ ಇಳಿದು ತಳ್ಳಬೇಕು. ಚಿಕ್ಕಪ್ಪ ತಳ್ಳುತ್ತ, "ಟಿಕೀಟು ತಗಂಡೋರು ನಾವು, ಕೂತಿರೋದು ಬಸ್ಸು," ಎಂದ. ಕಂಡಕ್ಟರು ತಮಿಳಿನಲ್ಲಿ ಏನೋ ಬೈದ. ಚಿಕ್ಕಪ್ಪ ತೆಲುಗಿನಲ್ಲಿ ತಿರುಗಿಸಿ ಕೊಟ್ಟ. ಕೃಷ್ಣಗಿರಿ ಸೇರಿದಾಗ ಮೂವರ ಮುಖವೂ ಇದ್ದಿಲಾಗಿತ್ತು. ಮಾವಿನ ಮಂಡಿಯ ಮುಂದೆ ಗಾಡಿಗಳು ಸಾಲುಗಟ್ಟಿದ್ದವು, ದಾರಿಯೆಲ್ಲ ಹಣ್ಣಿನ ವಾಸನೆ. ಮಂಡಿಯ ಬಾವಿಯಲ್ಲಿ ಮುಖ ತೊಳೆದು ಅಧಿಕಾರಿ ಇಳಿದಿದ್ದ ಬಂಗಲೆಗೆ ನಡೆದೆವು.

ಬಂಗಲೆಯ ಮುಂದೆ ಮಧ್ಯಾಹ್ನದವರೆಗೆ ಕಾದೆವು. ಬಾಗಿಲಲ್ಲಿ ನಿಂತ ಜವಾನ ನಮ್ಮನ್ನು ಬಿಡಲಿಲ್ಲ. ಅಪ್ಪ ಅವನ ಹತ್ತಿರ ಹೋಗಿ, "ನಾನೂ ನಿನ್ನಂಗೇ ಮೂವತ್ತೊರ್ಷ ಬಾಗ್ಲಾಗೆ ನಿಂತೋನಪ್ಪ. ಒಳೀಕ್ ಬುಡ್ಬೇಡ, ಚೀಟಿ ಒಂದ್ ಕೊಟ್ಬುಡು," ಎಂದ. ಅವನು ಚೀಟಿ ಒಯ್ದ. ಚೀಟಿಯಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದಿದ್ದೆ. ಕೂಗು ಬಂತು.

ಅಧಿಕಾರಿ ತಮಿಳಿನವರು, ನಡು ವಯಸ್ಸು, ಮೇಜಿನ ಮೇಲೆ ಕತ್ತರಿಸಿದ ಮಾವಿನ ಹಣ್ಣು. ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಅದುವರೆಗೆ ಮೇಷ್ಟರ ಎದುರಿಗಲ್ಲದೆ ಇನ್ನಾರ ಎದುರಿಗೂ ನಾನು ಇಂಗ್ಲಿಷ್ ಆಡಿದವನಲ್ಲ. ಮೊದಲ ಎರಡು ವಾಕ್ಯ ನಡುಗಿತು. ಮೂರನೆಯದರಲ್ಲಿ ಸರಿಹೋಯಿತು. ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ, ಹೊಸ ಎತ್ತು ಮೊದಲ ಸಾಲು ಎಳೆಯುವುದನ್ನು ನೋಡುವಂತೆ.

ಅವರು ಅರ್ಜಿ ಪೂರ್ತಿ ಓದಿದರು. ತೀರ್ಮಾನಕ್ಕೆಂದು ತಮ್ಮ ಬಳಿಗೆ ಬಂದಿದ್ದ ಕಡತ ತರಿಸಿ ಹಳೆಯ ಪುಟ ನೋಡಿದರು. ಆಮೇಲೆ ಅಪ್ಪನನ್ನೂ ಚಿಕ್ಕಪ್ಪನನ್ನೂ ಗೋಡೆಗೆ ನಿಲ್ಲಿಸಿದರು. ಅಳತೆಯ ಪಟ್ಟಿ ಹಿಡಿಸಿ ಎತ್ತರ ನೋಡಿದರು. ಅಪ್ಪ ಪುಟದಲ್ಲಿ ಬರೆದದ್ದಕ್ಕಿಂತ ಅರ್ಧ ಅಂಗುಲ ಕಡಿಮೆಯಾಗಿದ್ದ. "ಮೂವತ್ತು ವರ್ಷ ಬಗ್ಗಿದ್ದಾನಲ್ಲ," ಎಂದು ತಮಗೆ ತಾವೇ ತಮಿಳಿನಲ್ಲಿ ಹೇಳಿಕೊಂಡರು. ಹುಬ್ಬಿನ ಕಲೆ ನೋಡಿದರು. ಚಿಕ್ಕಪ್ಪನ ಹೆಬ್ಬೆಟ್ಟು ನೋಡಿದರು, ಗೆರೆ ಇದ್ದ ಕಡೆಯೇ ಇತ್ತು.

ಚಿಕ್ಕಪ್ಪನನ್ನು ಕೇಳಿದರು, ಅಣ್ಣನ ಹೆಸರಿನ ಕೆಳಗೆ ನೀನು ಯಾಕೆ ಒತ್ತಿದೆ ಎಂದು. ನಾನು ಪ್ರಶ್ನೆಯನ್ನು ಕನ್ನಡ ಮಾಡಿದೆ, ಚಿಕ್ಕಪ್ಪ ಉತ್ತರ ಕೊಟ್ಟ.

"ಹೆಸ್ರು ಅವ್ರೇ ಬರ್ದಿದ್ರು ಸ್ವಾಮಿ, ನಂಗೆ ಓದಾಕ್ ಬರಾಕಿಲ್ಲ. ನಾನ್ ಅವನಲ್ಲ, ಅವನ ತಮ್ಮ ಅಂದಿದ್ರೆ, ಹೋಗಿ ಅವನ್ನೇ ಕರ್ಕಂಬಾ ಅನ್ನೋರು. ಅವ್ನು ಬಂದ್ರೆ ಬಿತ್ನೆ ಕೆಡೋದು. ಹೆಬ್ಬೆಟ್ಟು ನಾಳೆನೂ ಒತ್ಬೋದು, ಹದ ನಾಳೆಗೆ ಇರಾಕಿಲ್ಲ."

ಇದನ್ನು ಇಂಗ್ಲಿಷಿಗೆ ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದಾಗ ಅವರು ಕೈ ಎತ್ತಿದರು. "ಪುರಿಯುದು, ಪುರಿಯುದು," ಅರ್ಥವಾಗುತ್ತದೆ ಎಂದರು. ಅವರಿಗೂ ಎಲ್ಲೋ ಹೊಲ ಇದ್ದಿರಬೇಕು.

"ಇವನು ಎಷ್ಟು ದಿನ ನಿನ್ನ ಬದಲು ಬಂದಿದ್ದಾನೆ?" ಎಂದು ಅಪ್ಪನನ್ನು ಕೇಳಿದರು.

"ಲೆಕ್ಕ ಇಟ್ಟಿಲ್ಲ ಸ್ವಾಮಿ. ಒಂದಿನಾನೂ ಬಿಲ್ಲೆ ಮನೇಲಿ ಕೂತಿಲ್ಲ, ಅಷ್ಟು ಬಲ್ಲೆ."

ಸರ್ವಿಸ್ ಪುಸ್ತಕವೂ ಅದನ್ನೇ ಹೇಳಿತು. ಗೈರುಹಾಜರಿಯ ಒಂದು ಗುರುತೂ ಇರಲಿಲ್ಲ. ಅಧಿಕಾರಿ ಪೆನ್ನು ತೆಗೆದರು. ಹಳೆಯ ಹೆಬ್ಬೆಟ್ಟಿನ ಮೇಲೆ ಕೆಂಪು ಶಾಯಿಯ ಗೀಟು ಎಳೆದು, ಅಪ್ಪನ ಹೆಬ್ಬೆಟ್ಟನ್ನು ತಮ್ಮ ಎದುರಿಗೇ ಅದರ ಪಕ್ಕದಲ್ಲಿ ಒತ್ತಿಸಿ, ಕೆಳಗೆ ರುಜು ಹಾಕಿದರು. ಮೂವತ್ತು ವರ್ಷವೂ ಪಿಂಚಣಿಗೆ ಸೇರುತ್ತದೆ ಎಂದು ಬರೆದರು. ಆಮೇಲೆ ಇನ್ನೊಂದು ಸಾಲು ಬರೆದರು: ಬರಹದ ಅನುಮತಿಯಿಲ್ಲದೆ ಬದಲಿ ಕಳಿಸಿದ್ದಕ್ಕೆ ಆಸಾಮಿಗೆ ಎಚ್ಚರಿಕೆ ಕೊಡಲಾಗಿದೆ, ಇನ್ನು ಮುಂದೆ ಹೀಗೆ ಮಾಡತಕ್ಕದ್ದಲ್ಲ. ಕೆಲಸ ಬಿಟ್ಟವನಿಗೆ ಈ ಎಚ್ಚರಿಕೆ. ನಾನು ಓದಿ ಹೇಳಿದೆ. ಅಪ್ಪ ಕೈಮುಗಿದು, "ಇನ್ ಮಾಡಾಕಿಲ್ಲ ಸ್ವಾಮಿ," ಎಂದು ನಿಜವಾಗಿಯೂ ಮಾತು ಕೊಟ್ಟ.

ಚಿಕ್ಕಪ್ಪನ ದಿನಗಳಿಗೆ ಏನಾದರೂ ಸಿಗಬಹುದೇ ಎಂದು ನಾನು ಕೇಳಿದೆ. ಕೇಳದೆ ಇರಲಾಗಲಿಲ್ಲ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಬೇಸರವಿರಲಿಲ್ಲ. "ಪುಸ್ತಕದಲ್ಲಿ ಹೆಸರಿಲ್ಲದವನಿಗೆ ನಾನು ಏನು ಕೊಡಲಿ?" ಎಂದರು. ಮಾವಿನ ಹಣ್ಣಿನ ತಟ್ಟೆಯನ್ನು ಚಿಕ್ಕಪ್ಪನ ಕಡೆ ಸರಿಸಿದರು. ಚಿಕ್ಕಪ್ಪ ಎರಡು ಹೋಳು ತೆಗೆದುಕೊಂಡು ಒಂದನ್ನು ಅಪ್ಪನಿಗೆ ಕೊಟ್ಟ.

ಹೊರಗೆ ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇವತ್ತಿಗೂ ಹೇಳುತ್ತೇನೆ, ನನಗೆ ಬಿ.ಎ. ಸಿಕ್ಕಿದ್ದು ಅವತ್ತು, ಕೃಷ್ಣಗಿರಿಯಲ್ಲಿ. ಬೆಂಗಳೂರಿನಲ್ಲಿ ಕೊಟ್ಟದ್ದು ಅದರ ಕಾಗದ. ನಾನು ಕೈಯಲ್ಲಿದ್ದ ಕಾಸಿಗೆಲ್ಲ ಮಾವು ಕೊಂಡೆ. ಬರುವಾಗ ದಿಣ್ಣೆಯಲ್ಲಿ ಬಸ್ಸು ತಳ್ಳಿದವರಿಗೆಲ್ಲ ಹಂಚಿದೆ, ಬೈದ ಕಂಡಕ್ಟರಿಗೂ ಕೊಟ್ಟೆ. ಚಿಕ್ಕಪ್ಪ ತನ್ನ ಹೆಬ್ಬೆಟ್ಟನ್ನು ಮೇಲೆತ್ತಿ ಎಲ್ಲರಿಗೂ ತೋರಿಸುತ್ತಿದ್ದ. "ನೋಡ್ರಪ್ಪ, ಮೂವತ್ತೊರ್ಷ ಸರ್ಕಾರದ ಕೆಲ್ಸ ಮಾಡಿದ್ದ ಬೆರಳು. ಇವತ್ ಡಿಸ್‌ಮಿಸ್ ಆಗೋಯ್ತು."

ದೀಪಾವಳಿಗೆ ಮೊದಲು ಪಿಂಚಣಿ ಬಂತು, ಹಿಂದಿನ ತಿಂಗಳುಗಳದ್ದೂ ಸೇರಿ. ಖಜಾನೆಯ ಜಗಲಿಯಲ್ಲಿ ಪಿಂಚಣಿದಾರರಿಗೆ ಒಂದೇ ಬೆಂಚು. ಶಿರಸ್ತೇದಾರರು ಕೂತಿದ್ದರು. ಅಪ್ಪ ನಿಂತಿದ್ದ. ಅವರೇ ಪಕ್ಕಕ್ಕೆ ಸರಿದು, "ಬಾಪ್ಪ, ಕೂತ್ಕೋ, ಈಗ ಇಬ್ಬರೂ ಒಂದೇ. ನಂಗೂ ಅರ್ಧ ಸಂಬಳ, ನಿಂಗೂ ಅರ್ಧ ಸಂಬಳ," ಎಂದರು.

ಅಪ್ಪ ಬೆಂಚಿನ ತುದಿಗೆ ಕೂತ. ಮೂವತ್ತು ವರ್ಷದಲ್ಲಿ ಅವರ ಪಕ್ಕ ಕೂತದ್ದು ಅದೇ ಮೊದಲು. ಕೂತು ಸರಿಮಾಡಿಕೊಂಡು ಹೇಳಿದ, "ಅರ್ಧ ಇಬ್ರುದೂ ಅರ್ಧವೇ ಸ್ವಾಮಿ. ನಿಮ್ದು ಕಣಜದಾಗೆ ಅರ್ಧ, ನಮ್ದು ಬಳ್ಳದಾಗೆ ಅರ್ಧ."

ಶಿರಸ್ತೇದಾರರು ಕೆಮ್ಮು ಬರುವವರೆಗೆ ನಕ್ಕರು. ನಿಂತಿದ್ದರೆ ಅಪ್ಪ ಈ ಮಾತು ಆಡುತ್ತಿರಲಿಲ್ಲ.

ಅಪ್ಪನ ಹೆಸರು ಕೂಗಿದರು. ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪ ಅಭ್ಯಾಸದ ಬಲದಿಂದ ಓಗೊಟ್ಟುಬಿಟ್ಟ. ಅಪ್ಪ ಅವನ ತೋಳು ಹಿಡಿದು ಕೂರಿಸಿ, ತಾನೇ ಹೋಗಿ ತನ್ನ ಬೆರಳು ಒತ್ತಿದ. ಹೊರಗೆ ಬಂದು ತಿಂಗಳಿಗೆ ಮೂರೂವರೆಯಂತೆ ಎಣಿಸಿ ತಮ್ಮನ ಕೈಗೆ ಹಾಕಿದ. ಅದು ಮೊದಲ ತಿಂಗಳಿಗೆ ಮಾತ್ರವಲ್ಲ. ಅಪ್ಪ ಬದುಕಿದ್ದ ಹನ್ನೊಂದು ವರ್ಷವೂ ಹಾಗೇ ನಡೆಯಿತು. ಸರ್ಕಾರದ ಪುಸ್ತಕದಲ್ಲಿ ಇಲ್ಲದ ಸಾಲನ್ನು ಅಪ್ಪ ತಿಂಗಳಿಗೊಂದು ಸಲ ಬರೆಯುತ್ತಿದ್ದ. ಅದರಿಂದ ಅವರಿಬ್ಬರು ಶ್ರೀಮಂತರಾಗಲಿಲ್ಲ. ಆದರೆ ಆ ಮೂವತ್ತು ವರ್ಷವೂ ಸಾಲು ತಪ್ಪದೆ ಬಿತ್ತಿದ್ದ ಹೊಲ ಮನೆಯಲ್ಲೇ ಉಳಿದಿತ್ತು. ರಾಗಿ ಹೊಲದ್ದು, ಉಪ್ಪು ಎಣ್ಣೆ ಪಿಂಚಣಿಯದು. ನಮ್ಮ ಇಬ್ಬರು ಮುದುಕರು ಇನ್ನೊಬ್ಬರ ಬಾಗಿಲಿಗೆ ಹೋಗಲಿಲ್ಲ. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ಈಗ ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಕಡೆ ಹೋದರೆ ಕಾರ್ಖಾನೆ ಕೆಲಸದವರ ಮನೆಗಳ ಸಾಲು. ಅಲ್ಲಿ ನಮ್ಮೂರ ಹುಡುಗರು ಇದ್ದಾರೆ. ಒಂದೇ ಯಂತ್ರದ ಮುಂದೆ ನಿಂತ ಇಬ್ಬರಲ್ಲಿ ಒಬ್ಬನಿಗೆ ಪ್ರಾವಿಡೆಂಟ್ ಫಂಡು ಉಂಟು, ಇನ್ನೊಬ್ಬ ಕಾಂಟ್ರಾಕ್ಟಿನವನು, ಅವನಿಗೆ ಇಲ್ಲ. ನಾನು ಸಿಕ್ಕಿದವರನ್ನೆಲ್ಲ ಕೇಳುತ್ತೇನೆ, ಪುಸ್ತಕದಲ್ಲಿ ನಿನ್ನ ಹೆಸರು ಉಂಟೇನಪ್ಪ ಎಂದು. ಮುದುಕನಿಗೆ ಇದೊಂದು ಹುಚ್ಚು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಪಿಂಚಣಿ ಬಂದ ಆ ವರ್ಷದ ಕೊನೆಗೆ ನನಗೆ ಸರ್ಕಾರಿ ಗುಮಾಸ್ತನ ಕೆಲಸವಾಯಿತು. ಸಂಬಳ ನಲವತ್ತೈದು. ಮೂವತ್ತು ವರ್ಷ ಸವೆಸಿ ಅಪ್ಪ ಮುಟ್ಟಿದ ಕಡೆಯ ಸಂಬಳದ ಮೂರರಷ್ಟು ನನ್ನ ಮೊದಲ ತಿಂಗಳಿಗೇ ಬಂತು. ಕೇಳಿದ ಅಪ್ಪ ಹೋಗಿ ಕೂರಿಗೆಯ ಹಗ್ಗ ಬಿಗಿದು ಬಂದ, ಬಿಗಿಯುವ ಅಗತ್ಯವಿರಲಿಲ್ಲ.

ಸೇರುವ ದಿನ ಬೆಳಿಗ್ಗೆ ಅವ್ವ ಒಗೆದ ಪಂಚೆ ಕೊಟ್ಟಳು. ಸರ್ವಿಸ್ ಪುಸ್ತಕಕ್ಕೆ ನಾನೂ ಬೆರಳು ಒತ್ತಬೇಕಾಗುತ್ತದೆ ಎಂದು ಹೇಳಿದೆ. ರುಜು ಬಲ್ಲವರದ್ದೂ ತೆಗೆದುಕೊಳ್ಳುತ್ತಾರೆ ಎಂದೆ. ಹೊಸ್ತಿಲು ದಾಟುವಾಗ ಚಿಕ್ಕಪ್ಪ ಕಣದ ಕಡೆಯಿಂದ ಕೂಗಿದ, "ಹೊತ್ತಿಲ್ದಿದ್ರೆ ಹೇಳ್ಕಳ್ಸಪ್ಪ, ನಾನ್ ಬಂದು ಒತ್ಬುಟ್ ಬತ್ತೀನಿ."

"ಎಚ್ಚರಿಕೆ ಕೊಟ್ಟವ್ರೆ ಕಣ್ಲಾ, ಮರ್ತೋದ್ಯಾ?" ಎಂದು ಅಪ್ಪ ಗದರಿದ.

ಕಚೇರಿಯಲ್ಲಿ ಗುಮಾಸ್ತರು ಎತ್ತರ ಅಳೆದು, ಕಲೆ ಬರೆದುಕೊಂಡು, ಶಾಯಿಯ ಮೆತ್ತೆ ಒತ್ತಿ ನೋಡಿ, "ಒಣಗಿದೆ, ನಾಳೆ ಬಂದು ಒತ್ತು," ಎಂದರು.

ನಾನು ಕೂತ ಜಾಗದಿಂದ ಏಳಲಿಲ್ಲ. "ನೀರು ಹಾಕಿ ನೆನೆಸಿ ಸಾರ್, ಕಾಯ್ತೀನಿ," ಎಂದೆ. ನೆನೆಯುವವರೆಗೂ ಕಾದು, ಒತ್ತಿ, ಅದರ ಕೆಳಗೆ ನನ್ನ ಹೆಸರನ್ನು ಪೂರ್ತಿ ಬರೆದು, ಬಿ.ಎ. ಎಂದೂ ಸೇರಿಸಿ ಎದ್ದೆ.